ಕಡಲಿಗೆ ಹೋಗಲು ದೇವರ ನೆಪ ಬೇಕೆ?

ಏಪ್ರಿಲ್ ಕಾಲಿಟ್ಟರೆ ದಾವಣಗೆರೆಯಲ್ಲಿ ಕಡಲಿನ ಮಾತು ಶುರು. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಬಿಸಿಲು ನೆತ್ತಿ ಸುಡುತ್ತಿರುತ್ತದೆ, ಗೆಳೆಯರ ಬಳಗವೊಂದು ಟಿ.ಟಿ. ಗಾಡಿ ಗೊತ್ತು ಮಾಡುತ್ತದೆ. ಹರಿಹರದ ಸೇತುವೆ, ರಾಣೆಬೆನ್ನೂರು, ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಅಲ್ಲಿಂದಾಚೆ ಗೋಕರ್ಣ, ಇಡಗುಂಜಿ, ಮುರುಡೇಶ್ವರ, ಕೊಲ್ಲೂರು, ಉಡುಪಿ, ಕೊನೆಗೆ ಮಂಗಳೂರಿನ ಕದ್ರಿ ಪಾರ್ಕು, ಪಿಲಿಕುಳ. ಬೆಳಿಗ್ಗೆ ಗುಡಿ, ಸಂಜೆ ಸಮುದ್ರ ಎಂಬ ಲೆಕ್ಕಾಚಾರ ತಾನಾಗಿಯೇ ಕೂಡಿಬರುತ್ತದೆ. ಮನೆಯ ಹಿರಿಯರಿಗೆ ಹೇಳುವಾಗ ಮಾತ್ರ ಸಮುದ್ರ ಹಿಂದಕ್ಕೆ ಸರಿದು ದೇವರು ಮುಂದಕ್ಕೆ ಬರುತ್ತಾನೆ. 123 ಅಡಿಯ ಶಿವನನ್ನು ಅಲೆಗಳ ಪಕ್ಕದಲ್ಲೇ ಕೂರಿಸಿ ಎರಡನ್ನೂ ಒಂದೇ ಫೋಟೋದಲ್ಲಿ ಒದಗಿಸುವ ಮುರುಡೇಶ್ವರಕ್ಕೆ ಜನ ಮುಗಿಬೀಳುವುದು ಸುಮ್ಮನೆ ಅಲ್ಲ. ಇದರಲ್ಲಿ ಕಪಟವಿದೆ ಎಂದು ಯಾರನ್ನೂ ಹಂಗಿಸಬೇಕಾಗಿಲ್ಲ. ಆದರೂ ಇಲ್ಲೊಂದು ಪ್ರಶ್ನೆಯಿದೆ: ಗೆಳೆಯರೊಡನೆ ಕಡಲು, ತೋಟ ನೋಡಿ ಖುಷಿಪಡುವುದಕ್ಕೆ ಪುಣ್ಯದ ಪರವಾನಗಿ ಏಕೆ ಬೇಕು? ಬೇಡ ಎಂಬುದು ನನ್ನ ವಾದ. ಈ ವಾದಕ್ಕೆ ಬೇಕಾದ ಆಧಾರ ನಮ್ಮ ಸೀಮೆಯ ಧರ್ಮಚಿಂತನೆಯಲ್ಲೇ ಇದೆ.

ದಾವಣಗೆರೆಯ ಬಹಳಷ್ಟು ಮನೆಗಳಲ್ಲಿ ಹನ್ನೆರಡನೆಯ ಶತಮಾನದ ಶರಣರ ಮಾತು ದಿನನಿತ್ಯದ ಮಾತು. ಆ ಶರಣರು ತೀರ್ಥಕ್ಷೇತ್ರಗಳ ಸುತ್ತಾಟವನ್ನು ಒಪ್ಪಿದವರಲ್ಲ. ಅಂಗೈಯಲ್ಲಿ ಇಷ್ಟಲಿಂಗ ಇರುವವನಿಗೆ ಗೋಕರ್ಣದಲ್ಲಿ ಹೆಚ್ಚಿನದೇನೂ ಸಿಗಬೇಕಾಗಿಲ್ಲ. ಈ ನಿರಾಕರಣೆಯನ್ನು ಸಾಮಾನ್ಯವಾಗಿ ‘ಮನೆಯಲ್ಲೇ ಇರು’ ಎಂಬ ಅಪ್ಪಣೆಯಂತೆ ಓದುತ್ತೇವೆ. ಹಾಗೆ ಓದಿದರೆ ಶರಣರ ಬದುಕೇ ಅಡ್ಡ ಬರುತ್ತದೆ. ಬಸವಣ್ಣ ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ, ಅಲ್ಲಿಂದ ಕಲ್ಯಾಣಕ್ಕೆ ಹೋದವರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದವಳು. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಬಂದವನೆಂದು ಪ್ರತೀತಿ. ಇಷ್ಟು ತಿರುಗಿದವರು ತಿರುಗಾಟವನ್ನೇ ಅಲ್ಲಗಳೆದರು ಎನ್ನುವುದು ಹೊಂದುವುದಿಲ್ಲ. ಅವರು ಒಪ್ಪದೇ ಇದ್ದದ್ದು ವ್ಯಾಪಾರವನ್ನು: ಇಷ್ಟು ದೂರ ನಡೆದೆ, ಇಷ್ಟು ಸಲ ಮುಳುಗಿದೆ, ಇಷ್ಟು ಪುಣ್ಯ ಜಮಾ ಮಾಡಿಕೊ ಎಂಬ ಲೇವಾದೇವಿಯನ್ನು. ಆ ಲೆಕ್ಕ ಹೋದ ಮೇಲೂ ಕಡಲು ಉಳಿಯುತ್ತದೆ, ಜೊತೆಗಾರರು ಉಳಿಯುತ್ತಾರೆ. ಲೋಕದ ಸುಖವನ್ನು ಶರಣಧರ್ಮ ಹೊಲಸೆಂದು ದೂರವಿಟ್ಟದ್ದೂ ಇಲ್ಲ. ತನ್ನದೆಂಬ ಹಮ್ಮಿಲ್ಲದೆ ಅರ್ಪಿಸಿ ಪಡೆದದ್ದೆಲ್ಲ ಅಲ್ಲಿ ಪ್ರಸಾದ. ಮಲ್ಪೆಯ ಸಂಜೆಗಾಳಿ ಪ್ರಸಾದವಾಗಬಾರದು ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಇದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಅಲ್ಲಮಪ್ರಭುವಿನದು. ಶೂನ್ಯಸಂಪಾದನೆಯಲ್ಲಿ ಅವನು ತೋಟಿಗ ಗೊಗ್ಗಯ್ಯನನ್ನು ಭೇಟಿಯಾಗುತ್ತಾನೆ. ಅಗೆತ, ನೀರು, ಗಿಡ ಎಂದು ಮುಳುಗಿಹೋದವನ ಎದುರು ನಿಂತು, ಮಾತನ್ನು ಒಳಗಿನ ತೋಟದ ಕಡೆಗೆ ತಿರುಗಿಸುತ್ತಾನೆ. ಬೆಳೆಸಬೇಕಾದ ತೋಟ ಒಳಗೇ ಇರುವಾಗ ಕದ್ರಿ ಪಾರ್ಕಿನಲ್ಲೇನು ಕೆಲಸ, ಕುಂದುವಾಡ ಕೆರೆಯ ಬಳಿಯ ಗಾಜಿನ ಮನೆಯಲ್ಲಾದರೂ ಏನು ಕೆಲಸ ಎಂದು ಕೇಳಬಹುದು. ಆದರೆ ಆ ಪ್ರಸಂಗದಲ್ಲಿ ನಡೆದದ್ದನ್ನು ಗಮನಿಸಬೇಕು. ಅಲ್ಲಮ ಒಳಗಿನ ತೋಟದ ಮಾತು ಆಡಿದ್ದು ಹೊರಗಿನ ತೋಟದಲ್ಲಿ ನಿಂತು, ಮಣ್ಣು ಮೆತ್ತಿದ ಕೈಯವನೊಡನೆ. ಕಳೆ ಕೀಳುವ ಕಷ್ಟ, ಬೇರಿಗೆ ನೀರು ಹನಿಸುವ ತಾಳ್ಮೆ ಗೊತ್ತಿದ್ದವನಿಗೇ ಆ ಮಾತು ನಾಟುವುದು. ಅಲ್ಲದೆ ಅಲ್ಲಮ ಊರೂರು ಅಲೆದವನು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನ ಬಳಿಗೆ ಅವನೇ ಹೋದ, ಕೆಣಕಿದ, ಕೊನೆಗೆ ಕಲ್ಯಾಣಕ್ಕೆ ಕರೆದುಕೊಂಡು ಬಂದ. ಅವನ ತಿರುಗಾಟದ ಗುರಿ ಸ್ಥಳಗಳಲ್ಲ, ಮನುಷ್ಯರು. ಜೊತೆಗೆ ಹೋಗುವವರು ಯಾರು, ದಾರಿಯಲ್ಲಿ ಸಿಗುವವರು ಯಾರು ಎಂಬುದು ಹೋಗುವ ಜಾಗಕ್ಕಿಂತ ದೊಡ್ಡದಾಗುವುದು ಇಲ್ಲಿ. ತಿಂಗಳುಗಟ್ಟಲೆ ಅಂಗಡಿ, ಆಫೀಸು, ಇಎಂಐ ಬಿಟ್ಟು ಬೇರೆ ಮಾತಿಲ್ಲದ ಗೆಳೆಯರು ಘಟ್ಟದ ತಿರುವಿನಲ್ಲಿ ಬಾಯಿಬಿಟ್ಟು ಮಾತಾಡಿಕೊಂಡರೆ, ಅದನ್ನು ಕಾಲಹರಣ ಎಂದು ತಳ್ಳಿಹಾಕಲಾಗದು.

ಹಾಗಾದರೆ ಗುಡಿಗಳು ಬೇಡವೇ ಎಂದು ಭಕ್ತರು ಕೇಳಬಹುದು. ಪುಣ್ಯದ ಲೆಕ್ಕ ಬಿಟ್ಟರೆ ಗುಡಿಗೂ ಲಾಭವೇ ಎಂಬುದಕ್ಕೆ ಹರಿಹರವೇ ಸಾಕ್ಷಿ. ಕರಾವಳಿಗೆ ಹೊರಟ ಗಾಡಿಗಳು ಆ ಊರನ್ನು ಮುಟ್ಟಿಯೇ ಹೋಗುತ್ತವೆ. ಹರಿಹರೇಶ್ವರನ ಗುಡಿಯ ಮುಂದೆ ನಿಲ್ಲುವಂಥವು ಎಷ್ಟು? ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಗರ್ಭಗುಡಿಯ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಶೈವ, ವೈಷ್ಣವರ ಜಗಳ ಜೋರಾಗಿದ್ದ ಕಾಲದಲ್ಲಿ ಒಬ್ಬ ಶಿಲ್ಪಿ ಎರಡು ನಂಬಿಕೆಗಳಿಗೆ ಒಂದೇ ಮೈ ಕೊಟ್ಟಿದ್ದಾನೆ, ಯಾವುದನ್ನೂ ಕರಗಿಸಿಲ್ಲ. ಇದೇ ಆಲೋಚನೆ ಘಟ್ಟದ ಕೆಳಗೆ ಕುಂದಾಪುರ ಸೀಮೆಯ ಶಂಕರನಾರಾಯಣದಲ್ಲೂ ಇದೆ. ಆದರೆ ಪುಣ್ಯವನ್ನೇ ಅಳತೆಗೋಲು ಮಾಡಿಕೊಂಡವನಿಗೆ ಹತ್ತಿರದ ಗುಡಿ ಸಸಾರ, ಹೆಸರಾದ ಗುಡಿಯ ಎರಡು ತಾಸಿನ ಸರದಿಯೇ ಸಾರ್ಥಕ. ನೋಡುವ ಸಂತೋಷಕ್ಕೆಂದೇ ಹೊರಟವನಾದರೆ ಹರಿಹರದ ಮಂಟಪದ ಕಂಬಗಳ ನುಣುಪಿಗೆ ಅರ್ಧ ಗಂಟೆ ಕೊಟ್ಟಾನು. ಭಕ್ತಿಯೂ ಅಲ್ಲಿ ಹುಟ್ಟಬಹುದು. ಹುಟ್ಟದಿದ್ದರೆ ಶಿಲ್ಪಿಗೆ ಸಲ್ಲಬೇಕಾದ ಗೌರವವಂತೂ ಸಲ್ಲುತ್ತದೆ.

ಇನ್ನೊಂದು ಆಕ್ಷೇಪ ನೀತಿಯ ಕಡೆಯಿಂದ ಬರುತ್ತದೆ. ಯುಗಾದಿಗೆಂದು ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ಒಂದು ವ್ರತವಿದೆ, ಮೈದಂಡನೆಯಿದೆ. ಎಸಿ ಗಾಡಿಯ ಮೋಜಿಗೆ ಯಾವ ಕಟ್ಟುಪಾಡು? ಈ ಮಾತಿನಲ್ಲಿ ಹುರುಳಿದೆ, ನಾನು ಅರ್ಧ ಒಪ್ಪುತ್ತೇನೆ. ಪಾದ ಬೊಬ್ಬೆಯೇಳುವುದು ದೇವರಿಗೆ ಬೇಕೆಂದು ನಾನು ನಂಬುವುದಿಲ್ಲ. ಆದರೆ ಖುಷಿಗೆ ಪರವಾನಗಿ ಬೇಡ ಎಂದವನು ಅದಕ್ಕೆ ಹೊಣೆಯೂ ಬೇಡ ಎನ್ನುವಂತಿಲ್ಲ. ಘಟ್ಟದ ತಿರುವಿನಲ್ಲಿ ಎಸೆದ ಚಿಪ್ಸ್ ಪೊಟ್ಟಣವನ್ನು ಯಾವ ಪ್ರಸಾದತತ್ವವೂ ಕಾಯುವುದಿಲ್ಲ. ಬೇಕಾದ ಕಟ್ಟುಪಾಡು ಶರಣರಲ್ಲೇ ಸಿಗುತ್ತದೆ. ಚೆಲ್ಲಿದ ಅಕ್ಕಿ ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದಾಗ, ಉಳಿದದ್ದನ್ನು ವಾಪಸು ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಅವನನ್ನು ಅಟ್ಟಿದಳು. ದಿನಕ್ಕೆ ಬೇಕಾದಷ್ಟೇ ತೆಗೆದುಕೊ ಎಂಬ ಆಕೆಯ ಹಟ ಪ್ರವಾಸಿಗನಿಗೂ ಸರಿಯಾಗಿ ಹೊಂದುತ್ತದೆ. ಜೂನ್ 1ರಿಂದ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಹಿಡಿದೇ ಬದುಕುವವರು ಕಡಲಿಗೆ ಎರಡು ತಿಂಗಳು ಬಿಡುವು ಕೊಡುತ್ತಾರೆ. ಅದೇ ಕಡಲಿನ ದಂಡೆಯನ್ನು ನಾವು ಎರಡು ದಿನವೂ ಹಸನಾಗಿ ಇಟ್ಟುಕೊಳ್ಳಲಾರೆವು.

ಹೊಣೆಯ ಪಟ್ಟಿಯಲ್ಲಿ ಮೊದಲು ಬರಬೇಕಾದವನು ಗಾಡಿಯ ಡ್ರೈವರ್. ಉಳಿದವರು ದರ್ಶನದ ಸರದಿಯಲ್ಲಿರುವಾಗ ಅವನು ಪಾರ್ಕಿಂಗಿನ ಬಿಸಿಲಲ್ಲಿ ಸೀಟು ಚಾಚಿ ನಿದ್ದೆಯ ಬಾಕಿ ತೀರಿಸುತ್ತಿರುತ್ತಾನೆ. ಊಟದಲ್ಲಿ ಅವನ ಮೇಜು ಬೇರೆ, ಗ್ರೂಪ್ ಫೋಟೋದಲ್ಲಿ ಅವನು ಕ್ಯಾಮರಾದ ಹಿಂದೆ. ಪುಣ್ಯದ ಲೆಕ್ಕದಲ್ಲಿ ಅವನಿಗೆ ಜಾಗವಿಲ್ಲ, ಬಾಡಿಗೆ ಕೊಟ್ಟಲ್ಲಿಗೆ ಅವನ ವಿಷಯ ಮುಗಿಯುತ್ತದೆ. ಸಹವಾಸದ ಲೆಕ್ಕದಲ್ಲಿ ಹಾಗೆ ಮುಗಿಸಲು ಬರುವುದಿಲ್ಲ. ಶರಣರಲ್ಲೂ ಇಂಥವನೊಬ್ಬನಿದ್ದ. ಹರಿಹರದಿಂದ ತುಂಗಭದ್ರೆಯ ಹರಿವಿನ ಜೊತೆ ಕೆಳಗೆ ಸಾಗಿದರೆ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ ಸಿಗುತ್ತದೆ. ಅಂಬಿಗರ ಚೌಡಯ್ಯನ ಹೆಸರು ಆ ಊರಿಗೆ ಅಂಟಿಕೊಂಡಿದೆ. ದೋಣಿ ನಡೆಸಿ ಜನರನ್ನು ದಾಟಿಸುವುದು ಅವನ ಕಾಯಕ. ತೀರ್ಥ, ಮುಳುಗು, ಸೋಗಿನ ಭಕ್ತಿಗಳನ್ನು ಅವನಷ್ಟು ಖಾರವಾಗಿ ಬೈದ ವಚನಕಾರ ಮತ್ತೊಬ್ಬನಿಲ್ಲ. ಯಾತ್ರಿಕರನ್ನು ದಿನವೂ ಹತ್ತಿರದಿಂದ ಕಂಡವನ ಸಿಟ್ಟು ಅದಿರಬೇಕು. ಇಂದಿನ ಡ್ರೈವರಿಗೂ ನಮ್ಮ ಬಗ್ಗೆ ಹೇಳುವುದು ಬಹಳ ಇದ್ದೀತು. ಬಾಡಿಗೆಯ ಮುಲಾಜಿಗೆ ಅವನು ಸುಮ್ಮನಿದ್ದಾನೆ ಅಷ್ಟೆ.