ಬೇಡ ಎನ್ನುವುದೂ ಗುಣವೇ
ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್, ಲೈಂಗಿಕ ತೊಂದರೆಗಳಿಗೆ ತಾವು ಕೊಡುತ್ತಿದ್ದ ಎರಡು ವಾರಗಳ ಚಿಕಿತ್ಸೆಯನ್ನು 1970ರಲ್ಲಿ ಪುಸ್ತಕವಾಗಿಸಿದರು. ಅದರ ಮೊದಲ ಸೂಚನೆಯೇ ವಿಚಿತ್ರ: ಸದ್ಯಕ್ಕೆ ಸಂಭೋಗ ಕೂಡದು. ಗಂಡ ಹೆಂಡತಿ ಸರದಿಯಂತೆ ಒಬ್ಬರನ್ನೊಬ್ಬರು ಮುಟ್ಟಬೇಕು, ಸ್ತನ ಮತ್ತು ಜನನಾಂಗಗಳನ್ನು ಬಿಟ್ಟು. ಉದ್ರೇಕವಾಗಲೇಬೇಕೆಂದಿಲ್ಲ, ಚರ್ಮಕ್ಕೆ ಏನನ್ನಿಸುತ್ತಿದೆ ಎಂಬುದರ ಕಡೆ ಗಮನವಿದ್ದರೆ ಸಾಕು.

ಸಮ್ಮತಿಯ ಕುರಿತು ಸಂಶೋಧನೆ ಮಾಡುತ್ತಿರುವ ನನ್ನನ್ನು ಈ ನಿಷೇಧ ಬಹಳ ದಿನಗಳಿಂದ ಕಾಡುತ್ತಿದೆ. ರಾತ್ರಿಯಾದರೆ ಮೈ ಬಿಗಿಹಿಡಿದು ಮಲಗುವ ಹೆಂಗಸಿಗೆ, ಅಪ್ಪುಗೆ ಅಪ್ಪುಗೆಯಲ್ಲೇ ಮುಗಿಯುತ್ತದೆ ಎಂಬ ಖಾತ್ರಿ ಇಲ್ಲಿ ಸಿಗುತ್ತದೆ. ಆದರೆ ಅದಕ್ಕೆ ವೈದ್ಯರ ಚೀಟಿ ಏಕೆ ಬೇಕಾಯಿತು? ಅವಳ ಮಾತೇ ಏಕೆ ಸಾಲದಾಯಿತು?

ವ್ಯಾಜಿನಿಸ್ಮಸ್‌ನಲ್ಲಿ ಯೋನಿಯ ಸುತ್ತಲಿನ ಸ್ನಾಯುಗಳು ಅವಳನ್ನು ಕೇಳದೆಯೇ ಬಿಗಿದುಕೊಳ್ಳುತ್ತವೆ, ಏನಾದರೂ ಹತ್ತಿರ ಬಂದರೆ ಕಣ್ಣು ತಾನೇ ಮುಚ್ಚಿಕೊಳ್ಳುವಂತೆ. ಪರೀಕ್ಷೆಯ ವೇಳೆ ಇವರು ಆ ಬಿಗಿತವನ್ನು ಗಂಡನಿಗೂ ತೋರಿಸುತ್ತಿದ್ದರು. ಅವಳು ಹಟ ಮಾಡುತ್ತಿಲ್ಲವೆಂದು ಅವನಿಗೆ ಮನವರಿಕೆಯಾಗಲಿ ಎಂದು. ಅದರಲ್ಲಿ ಕರುಣೆಯಿದೆ, ಒಪ್ಪುತ್ತೇನೆ. ಆದರೂ ಹೆಣ್ಣಿನ ನೋವನ್ನು ನಂಬಲು ಸಾಕ್ಷಿ ಬೇಕಾಯಿತಲ್ಲ! ಆಮೇಲೆ ಸಣ್ಣದರಿಂದ ದೊಡ್ಡದಕ್ಕೆ ಡೈಲೇಟರ್‌ಗಳು. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು ವರ್ತನಾ ಚಿಕಿತ್ಸೆಯ ಹಳೆಯ ದಾರಿ. ಎಷ್ಟೋ ಹೆಂಗಸರಿಗೆ ಇದರಿಂದ ನೋವು ಹೋಗಿದೆ. ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ.

ನನ್ನ ತಕರಾರಿರುವುದು ಗುಣವಾಯಿತು ಎಂದು ಅಳೆಯುವ ಬಗೆಯ ಮೇಲೆ. ಸಂಭೋಗ ಸಾಧ್ಯವಾಯಿತೇ ಎಂಬುದೇ ಬಹುಕಾಲ ಅಳತೆಗೋಲಾಗಿತ್ತು. ಹಾಗಾದರೆ ನೋವು, ಭಯ ಎರಡೂ ಹೋದ ಮೇಲೆ, ‘ನನಗೆ ಇವನೊಂದಿಗೆ ಇದು ಬೇಡ’ ಎನ್ನುವವಳನ್ನು ಯಾವ ಕಾಲಂನಲ್ಲಿ ಬರೆಯುವುದು? 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5, ಆಸೆ ಕಡಿಮೆಯಿದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ, ಅದರಿಂದ ಅವಳಿಗೆ ಸಂಕಟವಾಗುತ್ತಿರಬೇಕು ಎನ್ನುತ್ತದೆ. ಒಳ್ಳೆಯ ನಿಯಮವೇ. ಆದರೆ ‘ಏನಮ್ಮಾ, ವಿಶೇಷ ಇಲ್ಲವಾ?’ ಎಂದು ಅತ್ತೆ ತಿಂಗಳು ತಿಂಗಳೂ ಕೇಳುವ ಮನೆಯಲ್ಲಿ ಸಂಕಟ ಅವಳದಾದರೂ ಅದರ ಬೇರು ಅವಳ ಮೈಯಲ್ಲಿಲ್ಲ.

ನಮ್ಮಲ್ಲಿ 18 ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲವಂತದ ಸಂಭೋಗ ಕಾನೂನಿನ ಕಣ್ಣಿಗೆ ಇಂದಿಗೂ ಅತ್ಯಾಚಾರವಲ್ಲ. ಇಂಥ ಕಡೆ ಚಿಕಿತ್ಸಕಿಯೊಬ್ಬಳ ತಾತ್ಕಾಲಿಕ ನಿಷೇಧ, ಕೆಲವು ಹೆಂಗಸರಿಗೆ ಮದುವೆಯಾದ ಮೇಲೆ ಸಿಕ್ಕ ಮೊದಲ ‘ಬೇಡ’ ಆಗಿರಬಹುದು. ಅದನ್ನು ತೆಗೆಯುವ ದಿನ ಅವಳೊಬ್ಬಳನ್ನೇ ಕೂರಿಸಿಕೊಂಡು, ‘ಇನ್ನೂ ಸ್ವಲ್ಪ ದಿನ ಹೀಗೇ ಇರಲಾ?’ ಎಂದು ಕೇಳಬೇಕು. ಇರಲಿ ಎಂದರೆ, ಗಂಡ ಹೊರಗೆ ಕಾಯುತ್ತಿದ್ದರೂ, ಇರಲಿ.