ಅಟ್ಟದ ಮೇಲಿನ ಸೈಕಲ್ಲು



ಇಟಲಿ ದೇಶದ ಟಸ್ಕನಿ ಪ್ರಾಂತ್ಯದಲ್ಲಿ ಗಾಯೋಲೆ ಎಂಬ ಒಂದು ಸಣ್ಣ ಊರಿದೆ. ಸುತ್ತಲೂ ದ್ರಾಕ್ಷಿ ತೋಟಗಳ ಗುಡ್ಡಗಳು. ಗುಡ್ಡಗಳ ನಡುವೆ ಡಾಂಬರು ಕಾಣದ ಬಿಳಿ ಮಣ್ಣಿನ ರಸ್ತೆಗಳು. 1997ರಲ್ಲಿ 92 ಮಂದಿ ಹಳೆಯ ಕಾಲದ ರೇಸ್ ಸೈಕಲ್ಲುಗಳನ್ನೇರಿ ಆ ರಸ್ತೆಗಳಲ್ಲಿ ಸವಾರಿ ಹೊರಟರು. ‘ಎರೋಯಿಕಾ’ ಎಂದು ಅದಕ್ಕೆ ಹೆಸರಿಟ್ಟರು. ಈಗ ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ಸಾವಿರಾರು ಜನ ಅಲ್ಲಿ ಸೇರುತ್ತಾರೆ. ನಿಯಮ ಕಟ್ಟುನಿಟ್ಟು. ಸೈಕಲ್ಲು ಹಳೆಯ ಮಾದರಿಯದೇ ಆಗಿರಬೇಕು. ಗೇರಿನ ಲಿವರುಗಳು ಫ್ರೇಮಿನ ಓರೆ ಪೈಪಿನ ಮೇಲಿರಬೇಕು. ಬ್ರೇಕಿನ ತಂತಿ ಹ್ಯಾಂಡಲ್ಲಿನ ಹೊರಗೆ ಕಾಣುವಂತಿರಬೇಕು. ಪಾದವನ್ನು ಪೆಡಲ್ಲಿಗೆ ಪಟ್ಟಿಯಿಂದ ಬಿಗಿದುಕೊಳ್ಳಬೇಕು. ಮೊದಲು ಬಂದವರಿಗೆ ಬಹುಮಾನವಿಲ್ಲ, ಏಕೆಂದರೆ ಅದು ಪಂದ್ಯವೇ ಅಲ್ಲ.

ಇಂಥ ಸೈಕಲ್ಲು ಅಂಗಡಿಯಲ್ಲಿ ಹೊಸದಾಗಿ ಸಿಗುವುದು ಅಪರೂಪ. ಯಾರದೋ ಅಟ್ಟದಿಂದ, ಯಾರದೋ ಕೊಟ್ಟಿಗೆಯಿಂದ ಧೂಳು ಕೊಡವಿ ಇಳಿಸಬೇಕು. ಬಿಚ್ಚಿ, ತೊಳೆದು, ಜೋಡಿಸಿ ಮತ್ತೆ ರಸ್ತೆಗೆ ತರಬೇಕು. ಅದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಈಗ ನಿಮ್ಮ ಮನೆಯ ಅಟ್ಟವನ್ನು ನೆನೆಸಿಕೊಳ್ಳಿ. ಅಲ್ಲಿ ರೇಸ್ ಸೈಕಲ್ಲು ಇಲ್ಲದಿರಬಹುದು. ತಂದೆಯವರು ಓಡಿಸುತ್ತಿದ್ದ ಕಪ್ಪು ಸೈಕಲ್ಲು ಇರಬಹುದು. ಅದರ ಪಕ್ಕದಲ್ಲೇ, ಕಣ್ಣಿಗೆ ಕಾಣದ ಇನ್ನೊಂದನ್ನು ನೀವು ಎತ್ತಿಟ್ಟಿಲ್ಲವೇ? ಆಸ್ತಿ ಪಾಲಾದ ದಿನದಿಂದ ಮಾತು ಬಿಟ್ಟ ಅಣ್ಣ, ಒಪ್ಪಿಗೆ ಇಲ್ಲದ ಮದುವೆ ಮಾಡಿಕೊಂಡಳೆಂದು ಹೊಸ್ತಿಲು ತುಳಿಯಬೇಡವೆಂದ ಮಗಳು. ತಂದೆಯ ಸೈಕಲ್ಲನ್ನು ಗುಜರಿಗೆ ಹಾಕಲು ಮನಸ್ಸು ಬಾರದು, ಇಳಿಸಿ ರಿಪೇರಿ ಮಾಡಲು ಕೈ ಬಾರದು. ಆ ಸಂಬಂಧವೂ ಹಾಗೆಯೇ ಮೇಲೆ ಕುಳಿತಿದೆ. ಬನ್ನಿ, ಇಂದು ಎರಡನ್ನೂ ಕೆಳಗಿಳಿಸೋಣ.

ಮೊದಲು ಬೆಳಕು ಹಿಡಿಯಿರಿ

ಅನುಭವವುಳ್ಳ ಕೆಲಸಗಾರ ಹಳೆಯ ಸೈಕಲ್ಲಿಗೆ ಮೊದಲೇ ಬಣ್ಣ ಬಳಿಯುವುದಿಲ್ಲ. ಸೀಟನ್ನು ಅದರ ಕಂಬಿಯ ಸಮೇತ ಮೇಲಕ್ಕೆಳೆದು ತೆಗೆದು, ಪೈಪಿನೊಳಗೆ ಟಾರ್ಚ್ ಹಿಡಿದು ನೋಡುತ್ತಾನೆ. ಉಕ್ಕಿನ ಫ್ರೇಮು ಹೊರಗಿನಿಂದಷ್ಟೇ ತುಕ್ಕು ಹಿಡಿಯುವುದಿಲ್ಲ. ಸೀಟಿನ ಸಂದಿನಿಂದ ಇಳಿದ ಮಳೆನೀರು ಒಳಗೇ ನಿಂತು, ಕೆಳಗೆ ಪೆಡಲ್ಲಿನ ಅಚ್ಚು ಕೂರುವ ಜಾಗವನ್ನು ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತಿರುತ್ತದೆ. ಹೊರಗೆ ಬಣ್ಣ ಮಿರಮಿರ ಮಿಂಚುತ್ತಿದ್ದರೂ ಒಳಗೆ ಪೈಪು ಕಾಗದದಂತೆ ತೆಳ್ಳಗಾಗಿರಬಹುದು. ಆಮೇಲೆ ಪೈಪುಗಳು ಸೇರುವ ಗೆಣ್ಣುಗಳನ್ನು ಒಂದೊಂದಾಗಿ ಒರೆಸಿ, ಕೂದಲೆಳೆಯಷ್ಟು ಬಿರುಕು ಇದೆಯೇ ಎಂದು ಪರೀಕ್ಷಿಸುತ್ತಾನೆ.

ನಮ್ಮ ಧರ್ಮಸಭೆ ಪಾಪನಿವೇದನೆಗೆ ಮುಂಚೆ ಆತ್ಮಶೋಧನೆಯನ್ನು ಇಟ್ಟಿರುವುದು ಏತಕ್ಕೆಂದು ಇದರಿಂದ ತಿಳಿಯುತ್ತದೆ. ಅಣ್ಣನ ತಪ್ಪು ನಮಗೆ ಕಂಠಪಾಠ. ಆದರೆ ನಮ್ಮ ಪೈಪಿನೊಳಗೆ ನಿಂತ ನೀರು ಯಾವುದು? ಅಂದು ಆಡಿದ ಒಂದು ಮಾತೇ, ಅಥವಾ ಆಡಬೇಕಾಗಿದ್ದೂ ಆಡದೆ ಉಳಿಸಿಕೊಂಡ ಮಾತೇ? ದೇವರ ಮುಂದೆ ಸ್ವಲ್ಪ ಹೊತ್ತು ಟಾರ್ಚ್ ಹಿಡಿದು ಕುಳಿತುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಫ್ರೇಮಿನಲ್ಲಿ ಬಿರುಕು ಕಂಡರೆ ತಿಳಿದವನು ಅದರ ಮೇಲೆ ಬಣ್ಣ ಹಚ್ಚಿ ಯಾರನ್ನೂ ಕೂರಿಸುವುದಿಲ್ಲ. ಕ್ಷಮೆಯ ಹೆಸರಿನಲ್ಲಿ, ಕುಡಿದು ಹೊಡೆಯುವ ಗಂಡನ ಬಳಿಗೆ ಮಗಳನ್ನು ಹಾಗೇ ಹಿಂದಕ್ಕೆ ಕಳುಹಿಸುವ ತಂದೆತಾಯಿಗಳು ಇದನ್ನು ನೆನಪಿಡಬೇಕು. ಮನಸ್ಸಿನಲ್ಲಿ ಕ್ಷಮಿಸುವುದು ಒಂದು, ಬಿರುಕು ಬಿಟ್ಟ ಫ್ರೇಮಿನ ಮೇಲೆ ಮತ್ತೆ ಕೂರುವುದು ಇನ್ನೊಂದು. ಅದನ್ನು ಮೊದಲು ಬಲ್ಲವರು ಬೆಸೆಯಬೇಕು. ಬೆಸೆಯಲಾಗದಿದ್ದರೆ ಅದರ ಮೇಲೆ ಯಾರೂ ಕೂರಬಾರದು.

ಬಲಕ್ಕಿಂತ ದಿಕ್ಕು ಮುಖ್ಯ

ಬಿಚ್ಚಲು ಕುಳಿತಾಗ ಹೊಸಬರೆಲ್ಲ ಎಡವುವುದು ಎಡಗಡೆಯ ಪೆಡಲ್ಲಿನ ಬಳಿ. ಅದರ ತಿರುಪು ಉಲ್ಟಾ. ಉಳಿದ ನಟ್ಟುಗಳಂತೆ ತಿರುಗಿಸಿದರೆ ಅದು ಬಿಡುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ತಿಳಿಯದವನು ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಇನ್ನೂ ಜೋರಾಗಿ ಒತ್ತುತ್ತಾನೆ, ಬೆವರುತ್ತಾನೆ, ಕೊನೆಗೆ ಮರೆಯನ್ನೇ ಹಾಳು ಮಾಡುತ್ತಾನೆ. ಬಲ ಸಾಲದೆ ಹೀಗಾದದ್ದಲ್ಲ, ದಿಕ್ಕು ತಪ್ಪಿತ್ತು. ಮಕ್ಕಳ ಮೇಲೆ ನಾವು ಎಷ್ಟು ಸಲ ಹೀಗೆ ಬಲ ಹಾಕಿಲ್ಲ? ಬಲಗಡೆಯ ಪೆಡಲ್ಲಿನಂತಿರುವ ಹಿರಿಯ ಮಗನಿಗೆ ಹೊಂದಿದ ಮಾತು ಎಡಗಡೆಯ ಪೆಡಲ್ಲಿನಂತಿರುವ ಕಿರಿಯವನನ್ನು ಬಿಗಿಯಾಗಿಸುತ್ತದೆ. ನಾವು ಧ್ವನಿ ಏರಿಸುತ್ತೇವೆ, ಅವನು ಇನ್ನೂ ಬಿಗಿಯುತ್ತಾನೆ.

ಇನ್ನು ಕೆಲವು ಭಾಗಗಳು ಯಾವ ದಿಕ್ಕಿಗೂ ಜಗ್ಗುವುದಿಲ್ಲ. ಉಕ್ಕಿನ ಪೈಪಿನೊಳಗೆ ಅಲ್ಯೂಮಿನಿಯಂ ಕಂಬಿ ಇಪ್ಪತ್ತು ವರ್ಷ ಕದಲದೆ ಕುಳಿತರೆ, ತೇವ ಸೇರಿ ಎರಡೂ ಲೋಹಗಳು ಒಂದನ್ನೊಂದು ಕಚ್ಚಿಕೊಂಡುಬಿಡುತ್ತವೆ. ಸುತ್ತಿಗೆ ಎತ್ತಿದರೆ ಫ್ರೇಮೇ ಮುರಿದೀತು. ಸಂದಿಗೆ ಎಣ್ಣೆ ಬಿಟ್ಟು ಕಾಯಬೇಕು. ಮಾರನೆಯ ದಿನ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಒಂದು ದಿನ ಅದು ಚಿಕ್ಕದೊಂದು ಸದ್ದು ಮಾಡಿ ಕೂದಲೆಳೆಯಷ್ಟು ಅಲುಗುತ್ತದೆ. ಅಣ್ಣನ ಮನೆಗೆ ಕ್ರಿಸ್ಮಸ್ಸಿಗೆ ಕಳುಹಿಸಿದ ಕುಸ್ವಾರದ ತಟ್ಟೆ ಈ ವರ್ಷ ಹಿಂದಕ್ಕೆ ಬರಬಹುದು. ಬರಲಿ, ಮುಂದಿನ ವರ್ಷವೂ ಕಳುಹಿಸಿ.

ಉಳಿಸಿಕೊಳ್ಳುವುದು, ಬದಲಿಸುವುದು

ಹಳೆಯ ಸೈಕಲ್ಲನ್ನು ಬಲ್ಲವರು ಮೂಲ ಬಣ್ಣವನ್ನು ಆದಷ್ಟೂ ಉಳಿಸಿಕೊಳ್ಳುತ್ತಾರೆ. ಅದರ ಮೇಲಿನ ಗೀರುಗಳನ್ನೂ ಉಳಿಸುತ್ತಾರೆ. ಎಲ್ಲೋ ಬಿದ್ದದ್ದು, ಯಾವುದೋ ಗೋಡೆಗೆ ಒರಗಿದ್ದು, ಎಲ್ಲದರ ಗುರುತೂ ಅದರ ಮೈಮೇಲಿರುತ್ತದೆ. ಆದರೆ ಎಲ್ಲವನ್ನೂ ಉಳಿಸುವುದಿಲ್ಲ. ಕಲ್ಲಿನಂತೆ ಗಟ್ಟಿಯಾದ ಬ್ರೇಕಿನ ರಬ್ಬರು, ಸೀಳಿದ ಟೈರು, ಸವೆದ ಬೇರಿಂಗ್ ಗುಂಡುಗಳು ಎಷ್ಟೇ ಹಳೆಯವಾದರೂ ಹೋಗಲೇಬೇಕು. ಗಾಲಿಯ ನಡುವಿನ ಹಬ್ ಬಿಚ್ಚಿ, ಒಳಗೆ ಮೇಣದಂತೆ ಗಟ್ಟಿಯಾದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗುಂಡು, ಹೊಸ ಗ್ರೀಸು ಹಾಕಿದರೆ ಗಾಲಿ ಸದ್ದಿಲ್ಲದೆ ತಿರುಗುತ್ತದೆ.

ಪುನರುತ್ಥಾನರಾದ ನಮ್ಮ ಪ್ರಭು ಶಿಷ್ಯರ ಮುಂದೆ ನಿಂತಾಗ ಅವರ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೆಯೇ ಇದ್ದವು. ದೇವರು ನಮ್ಮನ್ನು ಸರಿಪಡಿಸುವಾಗ ನಡೆದದ್ದನ್ನು ನಡೆದೇ ಇಲ್ಲವೆಂಬಂತೆ ಅಳಿಸುವುದಿಲ್ಲ. ನೀವಿಬ್ಬರೂ ಮತ್ತೆ ಮಾತನಾಡುವ ದಿನ ಆ ಹಳೆಯ ಗೀರು ಅಲ್ಲೇ ಇರುತ್ತದೆ. ಅದರ ಬಗ್ಗೆ ಭಯ ಬೇಡ. ಗಟ್ಟಿಯಾದ ರಬ್ಬರನ್ನು ಮಾತ್ರ ಬದಲಿಸಿ. ‘ಅವನೇ ಮೊದಲು ಬರಲಿ’ ಎಂಬ ಹಟವೇ ಆ ರಬ್ಬರು.

ಕಡ್ಡಿಗಳ ಪಾಠ

ನಿಮ್ಮೂರಿನ ಸೈಕಲ್ ಶಾಪಿನಲ್ಲಿ ಗಾಲಿಯ ಬೆಂಡು ತೆಗೆಯುವುದನ್ನು ನೀವು ನೋಡಿರಬಹುದು. ರಿಮ್ಮು ಎಡಕ್ಕೆ ವಾಲಿದರೆ ಅದನ್ನು ಬಡಿದು ನೇರ ಮಾಡುವುದಿಲ್ಲ. ಆ ಜಾಗದಲ್ಲಿ ಎಡಗಡೆಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿ, ಬಲಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿಯುತ್ತಾರೆ. ಗಾಲಿ ತಿರುಗಿಸಿ ನೋಡುತ್ತಾರೆ, ಮತ್ತೆ ಕಾಲು ಸುತ್ತು. ಅವಸರದಿಂದ ಒಂದೇ ಕಡ್ಡಿಯನ್ನು ಬಿಗಿಯುತ್ತಾ ಹೋದರೆ ಗಾಲಿ ಇನ್ನೊಂದು ಕಡೆಗೆ ಸೊಟ್ಟಗಾಗುತ್ತದೆ. ಎರಡೂ ಕಡೆಯ ಎಳೆತ ಹೊಂದಿದಾಗ, ಪೆನ್ಸಿಲಿನಷ್ಟೂ ದಪ್ಪವಿಲ್ಲದ ಆ ಕಡ್ಡಿಗಳೇ ದೊಡ್ಡ ಮನುಷ್ಯನ ಭಾರವನ್ನು ಹೊರುತ್ತವೆ.

ಸಂಸಾರದ ಗಾಲಿಯೂ ಇಷ್ಟೇ. ಹೆಂಡತಿಯ ಖರ್ಚನ್ನು ಬಿಗಿಯುವ ಗಂಡ ತನ್ನ ಖರ್ಚನ್ನೂ ನೋಡಲಿ. ಸೊಸೆಯನ್ನು ಬಿಗಿಯುವ ಅತ್ತೆ ಮಗನನ್ನು ಎಷ್ಟು ಸಡಿಲ ಬಿಟ್ಟಿದ್ದೇನೆಂದು ಯೋಚಿಸಲಿ. ಒಂದೇ ದಿನದಲ್ಲಿ ನೇರ ಮಾಡಲು ಹೋಗಬೇಡಿ. ಕಾಲು ಸುತ್ತು ಸಾಕು.

ಪೈಪಿನೊಳಗಿನ ಸೇವೆ

ಸೈಕಲ್ಲು ಸಿದ್ಧವಾಯಿತು, ಫಳಫಳ ಹೊಳೆಯುತ್ತಿದೆ. ಇನ್ನು ಏನು ಮಾಡುವುದು? ಗೋಡೆಗೆ ತೂಗುಹಾಕಿ ಬಂದವರಿಗೆಲ್ಲ ತೋರಿಸುವುದೇ? ಇದಕ್ಕೆ ಉತ್ತರವಾಗಿ ಆ ಟಸ್ಕನಿಯ ಇನ್ನೊಬ್ಬ ಸೈಕಲ್ ಸವಾರನ ಕಥೆ ಹೇಳುತ್ತೇನೆ.

ಜೀನೊ ಬಾರ್ತಲಿ 1914ರಲ್ಲಿ ಫ್ಲಾರೆನ್ಸ್ ನಗರದ ಬಳಿಯ ಒಂದು ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗ ಊರಿನ ಸೈಕಲ್ ಶಾಪಿನಲ್ಲಿ ರಿಪೇರಿ ಕೆಲಸ ಮಾಡಿದರು. 1936ರಲ್ಲಿ ಅವರ ತಮ್ಮ ಸೈಕಲ್ ಪಂದ್ಯದಲ್ಲೇ ಅಪಘಾತಕ್ಕೆ ಸಿಕ್ಕಿ ತೀರಿಕೊಂಡಾಗ ಪಂದ್ಯಗಳನ್ನೇ ಬಿಟ್ಟುಬಿಡಬೇಕೆಂದುಕೊಂಡಿದ್ದರು. ವಿಶ್ವಾಸ ಅವರನ್ನು ಎತ್ತಿ ನಿಲ್ಲಿಸಿತು. ಗೃಹಸ್ಥರಾಗಿದ್ದುಕೊಂಡೇ ಕಾರ್ಮೆಲ್ ಸಭೆಯ ಮೂರನೆಯ ಶಾಖೆಯ ಸದಸ್ಯರಾದರು. 1938ರಲ್ಲಿ ಫ್ರಾನ್ಸ್ ದೇಶವನ್ನು ಸುತ್ತುವ ಮಹಾಪಂದ್ಯ ಟೂರ್ ದ ಫ್ರಾನ್ಸ್ ಗೆದ್ದರು.

1943ರಲ್ಲಿ ಜರ್ಮನ್ ಸೈನ್ಯ ಇಟಲಿಯನ್ನು ಹಿಡಿದುಕೊಂಡು ಯೆಹೂದಿಗಳನ್ನು ಬೇಟೆಯಾಡತೊಡಗಿತು. ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಅವರನ್ನು ಉಳಿಸುವ ಗುಪ್ತ ಕಾರ್ಯಕ್ಕೆ ಬೆಂಬಲವಾಗಿ ನಿಂತರು. ಬಾರ್ತಲಿ ಆ ಕಾರ್ಯದ ದೂತರಾದರೆಂದು ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ ದಾಖಲಿಸಿದೆ. ಸೀಟನ್ನು ಬಿಚ್ಚಿ, ಫೋಟೋಗಳನ್ನೂ ಸುಳ್ಳು ಗುರುತಿನ ಚೀಟಿಗಳನ್ನೂ ಸುರುಳಿ ಸುತ್ತಿ ಪೈಪಿನೊಳಗೆ ಇಳಿಸಿ, ಪಂದ್ಯಕ್ಕೆ ಅಭ್ಯಾಸ ಮಾಡುವವರಂತೆ ಹೊರಡುತ್ತಿದ್ದರು. ಅಸ್ಸಿಸಿಯವರೆಗಿನ ದಾರಿ 150 ಕಿಲೋಮೀಟರಿಗೂ ಹೆಚ್ಚು. ಸಿಕ್ಕಿಬಿದ್ದಿದ್ದರೆ ಮರಣವೇ ಗತಿ. ಒಂದು ಯೆಹೂದಿ ಕುಟುಂಬಕ್ಕೆ ತಮ್ಮ ಆಸರೆಯಲ್ಲೇ ಅಡಗುತಾಣ ಕೊಟ್ಟು ಉಳಿಸಿದರು.

ನಾವು ಆಗಲೇ ಟಾರ್ಚ್ ಹಿಡಿದು ನೋಡಿದೆವಲ್ಲ, ಅದೇ ಪೈಪು! ಹೊರಗಿನವರು ಕಂಡದ್ದು ಚಾಂಪಿಯನ್ನನ ಸೈಕಲ್ಲು, ದೇವರು ಕಂಡದ್ದು ಅದರ ಒಳಗೆ ಅಡಗಿದ್ದ ಜೀವಗಳು. ಪಾಪನಿವೇದನೆಯಲ್ಲಿ ದೇವರು ನಮ್ಮ ಒಳಗನ್ನು ತೊಳೆಯುವುದು ನಾವು ಹೊಳೆಯಲೆಂದಷ್ಟೇ ಅಲ್ಲ. ಇನ್ನೊಬ್ಬರನ್ನು ಹೊತ್ತು ಸಾಗಲು ಅಲ್ಲಿ ಜಾಗ ಆಗಲೆಂದು.

ಯುದ್ಧ ಮುಗಿಯಿತು. ವಯಸ್ಸು ಮೀರಿತೆಂದು ಜನ ಅವರನ್ನು ಬದಿಗಿಟ್ಟಿದ್ದರು. 1948ರಲ್ಲಿ, ಹತ್ತು ವರ್ಷಗಳ ನಂತರ, ಅವರು ಅದೇ ಟೂರ್ ದ ಫ್ರಾನ್ಸನ್ನು ಮತ್ತೆ ಗೆದ್ದರು. ಗೆಲುವಿನ ಮಾತು ಊರೆಲ್ಲ ಆಡಿತು. ಆ ಗುಪ್ತ ಸವಾರಿಗಳ ಮಾತನ್ನು ಅವರು ಮನೆಯಾಚೆ ಆಡಲಿಲ್ಲವೆನ್ನಬೇಕು. 2000ದ ಮೇ 5ರಂದು ತೀರಿಕೊಂಡರು. ‘ರಾಷ್ಟ್ರಗಳಲ್ಲಿ ನೀತಿವಂತ’ ಎಂಬ ಗೌರವವನ್ನು ಯಾದ್ ವಶೇಮ್ ಅವರಿಗೆ ಕೊಟ್ಟದ್ದು 2013ರಲ್ಲಿ, ಅವರು ಹೋಗಿ ಹದಿಮೂರು ವರ್ಷಗಳ ಮೇಲೆ.

ಸೊಟ್ಟಗಾಗಿಯೇ ಉಳಿದ ಒಂದು ಸೈಕಲ್ಲು

ಇಟಲಿಯ ಉತ್ತರದಲ್ಲಿ, ಕೋಮೊ ಸರೋವರದ ಮೇಲಿನ ಬೆಟ್ಟದಲ್ಲಿ ಗಿಸಾಲ್ಲೊ ಮಾತೆಯ ಚಿಕ್ಕ ಗುಡಿ ಇದೆ. 1949ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಎಂದು ಘೋಷಿಸಿದರು. ಗುಡಿಯ ಗೋಡೆಗಳ ತುಂಬ ಸೈಕಲ್ಲುಗಳು. ಬಾರ್ತಲಿಯವರದೂ ಇದೆ, ಅವರ ಪ್ರತಿಸ್ಪರ್ಧಿ ಫೌಸ್ತೊ ಕೊಪ್ಪಿಯವರದೂ ಇದೆ. ಅವುಗಳ ಜೊತೆಗೆ ಸೊಟ್ಟಗಾದ ಒಂದು ಸೈಕಲ್ಲೂ ಇದೆ. ಅದು ಫಾಬಿಯೊ ಕಸಾರ್ತೆಲ್ಲಿಯದು. 1992ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಆ ಯುವಕ 1995ರ ಟೂರ್ ದ ಫ್ರಾನ್ಸಿನಲ್ಲಿ ಬೆಟ್ಟ ಇಳಿಯುವಾಗ ಬಿದ್ದು ತೀರಿಕೊಂಡ. ಆಗ ಅವನಿಗೆ 24 ವರ್ಷ. ಆ ಸೈಕಲ್ಲನ್ನು ಯಾರೂ ರಿಪೇರಿ ಮಾಡಲಿಲ್ಲ. ಬಾಗಿದ್ದು ಬಾಗಿದಂತೆಯೇ ಮಾತೆಯ ಸನ್ನಿಧಿಯಲ್ಲಿದೆ.

ಇದನ್ನು ಓದುವವರಲ್ಲಿ ಕೆಲವರು ಈಗಾಗಲೇ ಮನಸ್ಸಿನಲ್ಲಿ ಹೇಳಿಕೊಂಡಿರಬಹುದು: ‘ನನ್ನ ಅಣ್ಣ ಹೋಗಿಬಿಟ್ಟನಲ್ಲ. ಮಾತನಾಡದೆಯೇ ಹೋದ. ಮಣ್ಣಿಗೂ ನಾನು ಹೋಗಲಿಲ್ಲ.’ ನಿಮಗೆ ಸ್ಪ್ಯಾನರಿನ ಪಾಠ ಹೇಳಿ ಪ್ರಯೋಜನವಿಲ್ಲ. ಈ ಲೋಕದಲ್ಲಿ ನೇರವಾಗದ ಕೆಲವು ಸಂಗತಿಗಳಿವೆ. ಆದರೆ ಅವುಗಳಿಗೂ ಗುಡಿಯಲ್ಲಿ ಜಾಗವಿದೆ. ಬಾಗಿದ್ದನ್ನು ಬಾಗಿದಂತೆಯೇ ಎತ್ತಿಕೊಂಡು ಹೋಗಿ ತಾಯಿ ಮರಿಯಮ್ಮನ ಪಾದದ ಬಳಿ ಇಡಿ. ಅಣ್ಣನ ಆತ್ಮಕ್ಕಾಗಿ ಒಂದು ಬಲಿಪೂಜೆ ಒಪ್ಪಿಸಿ. ಅವನ ಹೆಂಡತಿ ಮಕ್ಕಳ ಮನೆಯ ಬಾಗಿಲು ಇನ್ನೂ ಅಲ್ಲೇ ಇದೆ ಎಂಬುದನ್ನೂ ಮರೆಯಬೇಡಿ.

ಅಣ್ಣ ಬದುಕಿರುವವರಿಗೆ ನನ್ನ ಮಾತು ಬೇರೆ. ನಿಮ್ಮ ಸೈಕಲ್ಲು ಇನ್ನೂ ರಿಪೇರಿ ಆಗುವಂಥದ್ದು, ತಡ ಮಾಡಬೇಡಿ. ಈ ಶನಿವಾರ ಪಾಪನಿವೇದನೆ ಮಾಡಿ. ಭಾನುವಾರ ಪೂಜೆ ಮುಗಿದ ಮೇಲೆ ಅಟ್ಟ ಹತ್ತಿ ತಂದೆಯ ಸೈಕಲ್ಲನ್ನು ಇಳಿಸಿ, ಚಕ್ರಕ್ಕೆ ಗಾಳಿ ತುಂಬಿಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಡಿ. ಅದನ್ನೇ ತುಳಿದುಕೊಂಡೋ, ತಳ್ಳಿಕೊಂಡೋ ಅಣ್ಣನ ಮನೆಯ ತನಕ ಹೋಗಿ. ಏನು ಮಾತನಾಡಬೇಕೆಂಬ ಚಿಂತೆ ಬೇಡ. ‘ಅಪ್ಪನ ಸೈಕಲ್ಲು, ನೋಡಣ್ಣ’ ಎಂದರೆ ಸಾಕು.

ಪ್ರಾರ್ಥಿಸೋಣ: ಪ್ರಭುವೇ, ನಾಜರೇತಿನ ಬಡಗಿಯ ಮಗನೇ, ಕೈಕೆಲಸವನ್ನು ಬಲ್ಲವರು ನೀವು. ನಮ್ಮ ಒಳಗಿನ ತುಕ್ಕನ್ನು ತೊಳೆಯಿರಿ. ನಮ್ಮ ಗಾಯದ ಗುರುತುಗಳನ್ನು ಕಂಡು ನಾಚದಂತೆ ಮಾಡಿರಿ. ದೂರವಾದವರ ಮನೆಯ ದಾರಿಯಲ್ಲಿ ನಮ್ಮ ಜೊತೆ ಬನ್ನಿರಿ. ಆಮೆನ್.