ಗಡಿ ದಾಟಿ ಬಂದ ತಾಯಂದಿರು

1942ರ ಜೂನ್. ಪೋಲೆಂಡಿನ ಬಿಯೆಲ್ಸ್ಕೊ ಊರಿನ ಯಹೂದಿ ಹುಡುಗಿ ಗೆರ್ಡಾ ವೈಸ್‌ಮನ್‌ಗೆ ಆಗ 18 ವರ್ಷ. ಸುಡುಬಿಸಿಲಿನ ದಿನಗಳಲ್ಲಿ, ಹಿಮದಲ್ಲಿ ಮೆಟ್ಟುವ ದಪ್ಪ ಬೂಟು ಹಾಕಿಕೋ ಎಂದು ಅಪ್ಪ ಹಟ ಹಿಡಿದ. ಮಗಳಿಗೆ ಏಕೆಂದು ತಿಳಿಯಲಿಲ್ಲ. 1945ರ ಚಳಿಗಾಲದಲ್ಲಿ ನಾಜಿಗಳು ಅವಳನ್ನೂ ಸೇರಿಸಿ ತಮ್ಮ ಸೆರೆಯಲ್ಲಿದ್ದ ಸಾವಿರಾರು ಹೆಣ್ಣುಮಕ್ಕಳನ್ನು ಹಿಮದಲ್ಲಿ ನೂರಾರು ಮೈಲಿ ನಡೆಸಿದರು. ದಾರಿಯುದ್ದಕ್ಕೂ ಹೆಣಗಳು ಬಿದ್ದವು. ಬೂಟಿದ್ದ ಗೆರ್ಡಾ ಬದುಕಿದಳು. ಅಪ್ಪ, ಅವ್ವ, ಅಣ್ಣ ಉಳಿಯಲಿಲ್ಲ. ಮುಂದೆ ಅಮೆರಿಕಕ್ಕೆ ಹೋಗಿ ಸಂಸಾರ ಕಟ್ಟಿದಳು, 1957ರಲ್ಲಿ ತನ್ನ ಕಥೆ ಬರೆದಳು, ಮುಪ್ಪಿನವರೆಗೂ ಊರೂರು ತಿರುಗಿ ಹೇಳಿದಳು. 2022ರಲ್ಲಿ ತೀರಿಕೊಂಡಳು.

ಅವಳ ಕಥೆ ಓದಿದಾಗಲೆಲ್ಲ ನನ್ನ ಮನಸ್ಸು ನಮ್ಮ ಗದಗ ಜಿಲ್ಲೆಯ ಮುಂಡರಗಿಯ ಗಡಿಗೆ ಹೋಗುತ್ತದೆ. ಅರವತ್ತು ಲಕ್ಷ ಯಹೂದಿಗಳನ್ನು ನುಂಗಿದ ಆ ಕ್ರೌರ್ಯಕ್ಕೆ ಮತ್ತೊಂದನ್ನು ಸರಿತೂಗಿಸುವುದು ತಪ್ಪು. ಆದರೆ ಉಟ್ಟ ಸೀರೆಯಲ್ಲೇ ಮನೆ ಬಿಟ್ಟ ಹೆಣ್ಣಿನ ಎದೆಬಡಿತ ಎಲ್ಲಿಯೂ ಒಂದೇ.

ಇಂದು ಗದಗ ಜಿಲ್ಲೆಯೊಳಗಿರುವ ಊರುಗಳಿಗೆ ಅಂದು ಬೇರೆ ಬೇರೆ ಒಡೆಯರು. ಗದಗ, ಮುಂಡರಗಿ ಮುಂಬಯಿ ಪ್ರಾಂತಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಪಕ್ಕದ ಕೊಪ್ಪಳ ಹೈದರಾಬಾದಿನ ನಿಜಾಮನದು. 1947–48ರಲ್ಲಿ ಅಲ್ಲಿ, ಭಾರತಕ್ಕೆ ಸೇರಲೊಲ್ಲದ ನಿಜಾಮನ ಪರ ನಿಂತ ರಜಾಕಾರ ಪಡೆಯ ಹಾವಳಿ ಹೆಚ್ಚಿದಾಗ ಜನ ಗಂಟುಮೂಟೆ ಕಟ್ಟಿ ಗಡಿಯ ಈಚೆಗೆ ಬಂದರು. ನಿಜಾಮನ ವಿರುದ್ಧ ಹೋರಾಡಿದವರ ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುನ್ನಡೆಸಿದರು. ಅದು ಇತಿಹಾಸದಲ್ಲಿದೆ, ಇರಬೇಕಾದದ್ದೇ.

ಹೆಣ್ಣುಮಕ್ಕಳು ಹೇಗೆ ಬಂದರು? ಕೂಸು ಕಂಕುಳಲ್ಲಿ, ಗಂಟು ತಲೆಯ ಮೇಲೆ ಬಂದೀತು. ಬೀಸುವ ಕಲ್ಲು ಬಾರದು. ಜೋಳ ಬೀಸದೆ ರೊಟ್ಟಿಯಿಲ್ಲ. ಪರವೂರಲ್ಲಿ ಬಾಳು ಮತ್ತೆ ಶುರುವಾಗುವುದು ಗುರುತಿಲ್ಲದವಳ ಬಾಗಿಲಲ್ಲಿ ನಿಂತು, ‘ಯವ್ವಾ, ಬೀಸಾಕ ಕಲ್ಲ ಕೊಡ್ತೀಯೇನು’ ಎಂದು ಕೇಳುವುದರಿಂದ. ಕೇಳಿದವಳಿಗೂ ಕೊಟ್ಟವಳಿಗೂ ಇತಿಹಾಸದಲ್ಲಿ ಜಾಗವಿರಬೇಕು. ಕೋವಿ ಹಿಡಿದವರ ಹೆಸರು ಬರೆದಿಟ್ಟ ನಾವು ಒಲೆ ಹೊತ್ತಿಸಿದವರನ್ನು ಕೇಳಲೇ ಇಲ್ಲ. ಇದು ಮರೆವಲ್ಲ, ಅನ್ಯಾಯ.

ಇನ್ನೊಂದು ಮಾತನ್ನೂ ಹೇಳಲೇಬೇಕು. 1948ರ ಸೆಪ್ಟೆಂಬರ್ 17ರಂದು ನಿಜಾಮ ಭಾರತದ ಸೇನೆಗೆ ಶರಣಾದ. ಭಯ ಮನೆ ಬದಲಿಸಿತು, ಅಷ್ಟೆ. ನೆಹರೂ ಸರಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸೇನಾ ಕಾರ್ಯಾಚರಣೆಯ ದಿನಗಳಲ್ಲೂ ಅನಂತರವೂ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅವರಲ್ಲಿ ಹೆಚ್ಚಿನವರು ಮುಸಲ್ಮಾನರು. ಕಲಬುರಗಿ, ಬೀದರ, ಉಸ್ಮಾನಾಬಾದ, ನಾಂದೇಡಗಳಲ್ಲಿ ಹಾನಿ ಹೆಚ್ಚು. ಮಾನಭಂಗಕ್ಕೆ ಹೆದರಿ ಬಾವಿಗೆ ಹಾರಿದ ಹೆಂಗಸರ ಮಾತೂ ಆ ವರದಿಯಲ್ಲಿದೆ. ಅದು ದಶಕಗಟ್ಟಲೆ ಬೆಳಕು ಕಾಣಲಿಲ್ಲ. ನಮ್ಮವರ ಕಣ್ಣೀರಿಗೆ ಮರುಗಿ ಅವರ ಕಣ್ಣೀರಿಗೆ ಮುಖ ತಿರುಗಿಸಿದರೆ ನಮ್ಮ ಮರುಕಕ್ಕೆ ಬೆಲೆಯಿಲ್ಲ.

ಗೆರ್ಡಾಳ ಮಾತು ಕೇಳಲು ಜಗತ್ತು ಕೂತಿತು. ನಮ್ಮ ತಾಯಂದಿರ ಮುಂದೆ ಯಾರೂ ಕೂರಲಿಲ್ಲ. ಅಂದು ಹತ್ತು ವರ್ಷದ ಹುಡುಗಿಯರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಮುಂಡರಗಿ, ಗದಗ, ಕೊಪ್ಪಳದ ಕಡೆಯವರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥ ಅಜ್ಜಿ ಇದ್ದರೆ ಅವರ ಜಾತಿ, ಧರ್ಮ ನೋಡದೆ ಹತ್ತಿರ ಕೂತು ಕೇಳಿರಿ; ಅವರು ಹೇಳಿದಂತೆಯೇ, ಅವರ ಮಾತಿನಲ್ಲೇ ಬರೆದಿಡಿರಿ.